ಅರಿಶಿನ ಹಚ್ಚದ ಸೀರೆ

ಮಧುಗಿರಿಯಿಂದ ಹೊರಟ ಬಸ್ಸು ಇನ್ನೂ ಊರು ದಾಟಿರಲಿಲ್ಲ, ಅಷ್ಟರಲ್ಲೇ ಹನುಮಂತರಾಜು ಮುಂದಿನ ಸೀಟಿನ ಹೆಂಗಸಿನ ಸೆರಗಿನ ಮೂಲೆಯನ್ನು ಎರಡನೆಯ ಸಲ ನೋಡಿ, ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡು ಕಿಟಕಿಯ ಕಡೆ ತಿರುಗಿದ. ಅಲ್ಲಿ ಬೆಟ್ಟವಿತ್ತು. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿ ಬೆಟ್ಟ ನೋಡುವುದನ್ನೇ ಬಿಟ್ಟಿದ್ದ. ಈಗ ಬೇರೆ ಗತಿಯಿಲ್ಲದೆ ನೋಡಿದ. ಆದರೂ ಕಣ್ಣು ಹೇಳಿದ ಮಾತು ಕೇಳಲಿಲ್ಲ, ಮತ್ತೆ ಸೆರಗಿಗೇ ಬಂತು. ಮೂಲೆಯಲ್ಲಿ ಮಾಸಿದ ಹಳದಿ ಕಲೆ ಇತ್ತು. ಸದ್ಯ, ಅರಿಶಿನ ಇದೆ, ಈಯಮ್ಮನ ಮನೆಯಲ್ಲಿ ಎಲ್ಲ ನೆಟ್ಟಗಿದೆ ಅಂತ ಅವನಿಗೆ ಸಮಾಧಾನವಾಯಿತು. ಯಾರದೋ ಸೀರೆ, ಯಾರದೋ ಮನೆ, ಇವನಿಗೇಕೆ ಸಮಾಧಾನ? ಬಾಗಿಲ ಹತ್ತಿರ ನಿಂತಿದ್ದ ಇನ್ನೊಬ್ಬಾಕೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿದ್ದಳು, ಹೂವು ಕೊಯ್ಯುವ ಕೂಲಿಯಿಂದ ಬಂದವಳಿರಬೇಕು. ಗಂಡನ ಅಂಗಿಯೋ, ಅಣ್ಣನದೋ ಎಂದು ಯೋಚನೆ ಹರಿಯಿತು. ಐವತ್ತು ಮುಟ್ಟಲಿರುವ ಕನ್ನಡ ಮೇಷ್ಟರಿಗೆ ಇದೆಂಥ ಗ್ರಹಚಾರ ಬಂತಪ್ಪ ಎಂದುಕೊಂಡ. ಕೊಡಿಗೇನಹಳ್ಳಿ ಬರುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬರಬೇಕಿತ್ತು. ಇವತ್ತು ಶನಿವಾರ, ಅರ್ಧ ದಿನದ ಕಾಲೇಜು, ರಾಧಾಮಣಿ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಆ ಸೀರೆ ಯಾರು ಕೊಟ್ಟದ್ದು ಅಂತ ಹೆಂಡತಿಯನ್ನು ಕೇಳುವುದೋ, ಬಿಡುವುದೋ?

ಈ ರೋಗ ಹತ್ತಿಕೊಂಡದ್ದು ಬುಧವಾರ, ಎರಡನೇ ವರ್ಷದ ಬಿ.ಎ. ತರಗತಿಯಲ್ಲಿ. ಪಠ್ಯಕ್ಕಿದ್ದ ಕಾದಂಬರಿಯ ಹನ್ನೊಂದನೆಯ ಅಧ್ಯಾಯ ಬಂದರೆ ಉಳಿದ ಮೇಷ್ಟರುಗಳು 'ಮನೇಲಿ ಓದಿಕೊಳ್ಳಿ' ಅಂತ ದಾಟಿಸಿಬಿಡುತ್ತಿದ್ದರು. ಕುರಿ ಮಂದೆಯ ಜೊತೆ ಗಂಡ ತಿಂಗಳುಗಟ್ಟಲೆ ವಲಸೆ ಹೋಗಿರುವಾಗ ಸಣ್ಣೀರಮ್ಮ ಎಂಬ ಹೆಂಗಸು ಹೊಸ ಕೆಂಪು ಸೀರೆ ಉಟ್ಟು, ಹಾಡಹಗಲು ಹಳ್ಳ ದಾಟಿ, ಒಬ್ಬನ ಗುಡಿಸಲಿಗೆ ಹೋಗುವ ಅಧ್ಯಾಯ ಅದು. ಹನುಮಂತರಾಜು ಮಾತ್ರ ಅದನ್ನು ಸಾಲು ಸಾಲಾಗಿ ಪಾಠ ಮಾಡುತ್ತಿದ್ದ. ಕಾಮ ಎನ್ನುವ ಪದವನ್ನು ಕೆಮ್ಮದೆ, ನೆಲ ನೋಡದೆ, ಪೂರ್ತಿ ಉಚ್ಚರಿಸುವ ಮೇಷ್ಟರು ಈ ತಾಲ್ಲೂಕಿನಲ್ಲಿ ತಾನೊಬ್ಬನೇ ಎಂಬ ಹೆಮ್ಮೆ ಅವನಿಗಿತ್ತು. ಸೀರೆಯ ಕೆಂಪೇ ಅವಳ ಆಸೆ, ಅವಳು ಹಳ್ಳದಲ್ಲಿ ನೆರಿಗೆ ಎತ್ತಿ ಹಿಡಿಯುವುದೇ ಕಟ್ಟುಪಾಡು ಮೀರುವುದು, ಗುಡಿಸಲ ಮುಂದೆ ನಿಂತು ಸೆರಗು ಸಡಿಲಿಸುವುದೇ ತನ್ನನ್ನು ತಾನು ಕೊಟ್ಟುಕೊಳ್ಳುವುದು ಎಂದು ವರ್ಷಾ ವರ್ಷ ಅದೇ ಮಾತು, ಅದೇ ಜಾಗದಲ್ಲಿ ಅದೇ ನಿಲುಗಡೆ. ಅವತ್ತೂ ಹಾಗೇ ಹೇಳಿ ಮುಗಿಸಿ ಕೈಯ ಸೀಮೆಸುಣ್ಣ ಝಾಡಿಸುತ್ತಿದ್ದಾಗ ಶಿರಾ ಕಡೆಯ ಹುಡುಗಿ ಅತಿಯಾ ಎದ್ದು ನಿಂತಳು.

"ಸರ್, ಒಂದ್ ಡೌಟು. ಮೊದ್ಲನೇ ಅಧ್ಯಾಯದಲ್ಲಿ ಅವಳ ಅತ್ತೆ, ಮನೆಗೆ ಹೊಸ ಬಟ್ಟೆ ಏನೇ ಬಂದ್ರೂ ಮೂಲೆಗೆ ಅರಿಶಿನ ಹಚ್ಚಿ ದೇವ್ರ ಮುಂದೆ ಇಟ್ಟೇ ಕೊಡ್ತಾರೆ ಅಂತ ಇದೆ. ಮಕ್ಕಳ ಚಡ್ಡಿಗೂ ಬಿಡಲ್ಲ. ನಮ್ ಪಕ್ಕದ್ಮನೆ ಆಂಟೀನೂ ಅಷ್ಟೇ, ಟವೆಲ್‌ಗೂ ಹಚ್ತಾರೆ. ಆದ್ರೆ ಈ ಕೆಂಪು ಸೀರೆಗೆ ಅರಿಶಿನದ ಮಾತೇ ಇಲ್ಲ. ಯಾಕೆ ಸರ್?"

"ಲೇಖಕರು ಮರೆತಿರಬಹುದಮ್ಮ."

"ಚಡ್ಡಿಗೆ ನೆನಪಿಟ್ಕೊಂಡೋರು ಸೀರೆಗೆ ಮರೀತಾರಾ ಸರ್?"

ತರಗತಿ ಗೊಳ್ಳೆಂದಿತು. ಹನುಮಂತರಾಜುವಿನ ಕಿವಿ ಬಿಸಿಯಾದದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಒಳಗೆ ಏನೋ ಚುರುಕಾಯಿತು. ಇಷ್ಟು ಸಲ ಓದಿದ ಪುಸ್ತಕದಲ್ಲಿ ತಾನು ಕಾಣದ ಒಂದು ಜಾಗ ಇತ್ತಲ್ಲ! ಬಣ್ಣ ನೋಡಿದ್ದನೇ ಹೊರತು ಮೂಲೆ ನೋಡಿರಲಿಲ್ಲ. ನಿಂತ ನಿಲುವಿನಲ್ಲೇ ಅವನಿಗೆ ಅರ್ಥ ಹೊಳೆಯಿತು. "ಅರಿಶಿನ ಇಲ್ಲ ಅಂದರೆ ಆ ಸೀರೆ ಮನೆಯ ಮುಂಬಾಗಿಲಿಂದ ಬಂದದ್ದಲ್ಲ. ಮನೆಯವರು ಕೊಟ್ಟದ್ದಲ್ಲ. ಹಳ್ಳದ ಆಚೆಯವನು ಕೊಟ್ಟದ್ದು!" ಎಂದು ಮೇಜು ಕುಟ್ಟಿ ಹೇಳಿದ. ಹುಡುಗರು ಬರೆದುಕೊಂಡರು. ಇಪ್ಪತ್ತು ವರ್ಷದ ಮೇಷ್ಟರಿಕೆಯಲ್ಲಿ ಅಂಥ ಖುಷಿ ಅವನಿಗೆ ಅಪರೂಪಕ್ಕೆ ಆಗಿತ್ತು. ಆ ಖುಷಿಯಲ್ಲೇ ಸಂಜೆ ಮನೆಗೆ ಬಂದ, ರಾಧಾಮಣಿ ಇಟ್ಟುಕೊಟ್ಟ ಕಾಫಿ ಕುಡಿದ, ಗಾಳಿಗೆಂದು ಮಹಡಿ ಹತ್ತಿದ, ಹಗ್ಗದ ಮೇಲೆ ಒಣಗುತ್ತಿದ್ದ ಬದನೆಕಾಯಿ ಬಣ್ಣದ ಸೀರೆ ಕಂಡ.

ಅದು ಅವನು ಕಂಡರಿಯದ ಸೀರೆ. ಹೊಸದು, ಸಣ್ಣ ಜರಿಯಂಚು, ಒಂದೆರಡು ನೀರು ಕಂಡಿರಬಹುದು ಅಷ್ಟೆ. ಬೇರೆ ದಿನವಾಗಿದ್ದರೆ ಅದರ ಕೆಳಗೆ ತಲೆ ಬಗ್ಗಿಸಿ ಆಚೆ ಹೋಗುತ್ತಿದ್ದ. ಅವತ್ತು ಕೈ ತಾನಾಗಿ ಸೆರಗಿನ ಮೂಲೆ ಹಿಡಿಯಿತು. ಅರಿಶಿನ ಇರಲಿಲ್ಲ. ಇನ್ನೊಂದು ಮೂಲೆ ನೋಡಿದ, ಅಲ್ಲೂ ಇಲ್ಲ. ಒಳಸೆರಗು ತಿರುಗಿಸಿ ನೋಡಿದ. ಅವನ ಅವ್ವ ಬದುಕಿರುವ ತನಕ ಈ ಮನೆಯ ಹೊಸ್ತಿಲು ದಾಟಿದ ಪ್ರತಿ ಹೊಸ ಬಟ್ಟೆಗೂ ಅರಿಶಿನ ಹಚ್ಚಿದ್ದಳು. ಅವನು ಕೆಲಸಕ್ಕೆ ಸೇರಿದ ದಿನ ತೊಟ್ಟ ಬಿಳಿ ಅಂಗಿಯ ತುದಿಗೂ ಅವಳು ಹಚ್ಚಿದ್ದಳು, ಅದನ್ನು ಪ್ಯಾಂಟಿನೊಳಗೆ ಮುಚ್ಚಿಕೊಳ್ಳಲು ಅವನು ದಿನವಿಡೀ ಒದ್ದಾಡಿದ್ದ. ಅವ್ವ ಹೋದ ಮೇಲೆ ರಾಧಾಮಣಿ ಆ ಪದ್ಧತಿ ಬಿಟ್ಟಿರಲಿಲ್ಲ. ಮಗಳು ತುಮಕೂರಿನ ಹಾಸ್ಟೆಲಿಗೆ ಹೊರಟಾಗ ದಿಂಬಿನ ಚೀಲಕ್ಕೂ ಬೊಟ್ಟಿಟ್ಟು ಕಳಿಸಿದ್ದಳು. ಅಂಥವಳು ಈ ಸೀರೆಗೆ ಮಾತ್ರ ಯಾಕೆ ಹಚ್ಚಲಿಲ್ಲ? ನೀರಿಗೆ ಹೋಗಿರಬಹುದು ಎಂದು ಬೆಳಕಿಗೆ ಹಿಡಿದು ನೋಡುತ್ತಿರುವಾಗ ಪಕ್ಕದ ಮಹಡಿಯಿಂದ ಮಹಾಲಕ್ಷ್ಮಮ್ಮನ ದನಿ ಬಂತು.

"ಏನ್ ಮೇಷ್ಟ್ರೇ, ಆರೈತಾ ಅಂತ ನೋಡ್ತಿದ್ದೀರಾ? ಅದ್ಕೆ ನಾಕು ಮೂಲೇನೂ ಮುಟ್ಬೇಕಾ?"

ಅವನು ಸೀರೆ ಕೈಬಿಟ್ಟ. ಸುಡುವ ಪಾತ್ರೆಯನ್ನು ಬಿಟ್ಟ ಹಾಗೆ ಬಿಟ್ಟದ್ದು ಅವಳಿಗೆ ಕಂಡೇ ಕಂಡಿತು.

"ಒಪ್ತದೆ ಕಣ್ರಿ ರಾಧಾಮಣಿಗೆ ಆ ಬಣ್ಣ. ಅವತ್ತು ಹಿಂದೂಪುರದ್ ಬಸ್ ಹತ್ತುತಿದ್ರಲ್ಲ, ಸೀರೆ ತರಕ್ಕೇ ಹೊಂಟವ್ರೆ ಅನ್ಕಂಡೆ."

"ಹೂಂ, ಹೂಂ. ನಾನೇ ಕಳಿಸಿದ್ದೆ," ಎಂದ ಹನುಮಂತರಾಜು. ರಾಧಾಮಣಿ ಹಿಂದೂಪುರಕ್ಕೆ ಹೋದದ್ದೇ ಅವನಿಗೆ ಗೊತ್ತಿರಲಿಲ್ಲ. ಹೋಗುವುದೇನು ದೊಡ್ಡ ಮಾತಲ್ಲ. ಊರಿನ ಅರ್ಧ ಜನ ಸಂತೆಗೆ ಹೋದಷ್ಟೇ ಸಲೀಸಾಗಿ ಆಂಧ್ರದ ಗಡಿ ದಾಟಿ ಬರುತ್ತಾರೆ. ಆದರೆ ಹೋಗಿ ಬಂದವರು ಹೋಗಿದ್ದೆ ಅನ್ನುತ್ತಾರೆ. ಇವಳು ಅಂದಿರಲಿಲ್ಲ. ಹಳ್ಳದ ಆಚೆ ಎಂಬ ತನ್ನದೇ ಮಾತು ಅವನ ತಲೆಯಲ್ಲಿ ಸುತ್ತತೊಡಗಿತು.

ಅಲ್ಲಿಂದ ಶುರುವಾಯಿತು ಓದು. ಗುರುವಾರ ಅವಳು ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮೊಳ ಕಾಕಡ ಹೂವು ಮುಡಿದಿದ್ದಳು. ಅದಕ್ಕೊಂದು ಅರ್ಥ ಕಟ್ಟಿದ. ಒಗ್ಗರಣೆ ಹಾಕುವಾಗ ಬಾಯಲ್ಲೇ ಏನೋ ಗುನುಗಿದಳು; ಅದಕ್ಕೊಂದು. ನೆಟ್ಟಗೆ ಕೇಳಿಬಿಡಬಹುದಿತ್ತು. ಆದರೆ ಪುಸ್ತಕವನ್ನೇ ಎದುರಿಗೆ ಕೂರಿಸಿಕೊಂಡು ನಿನ್ನ ಅರ್ಥವೇನು ಅಂತ ಕೇಳುವ ಮೇಷ್ಟರು ಎಲ್ಲಿದ್ದಾರೆ? ಕೇಳಿದರೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ. ಹಾಗಾಗಿ ಪೇಪರು ಹಿಡಿದು ಅದರ ಮೇಲಂಚಿನಿಂದ ಅವಳನ್ನೇ ನೋಡಿದ. ನೋಡುತ್ತ ನೋಡುತ್ತ ಬೇರೊಂದು ವಿಚಿತ್ರ ಅವನ ಗಮನಕ್ಕೆ ಬಂತು. ಅವಳ ಮೊಣಕೈಯ ಮಡಿಕೆ, ಕತ್ತಿನ ಹಿಂದೆ ಬೆವರಿಗೆ ಅಂಟಿದ ಸಣ್ಣ ಕೂದಲು, ಬಗ್ಗಿ ಏಳುವಾಗ ಸೊಂಟಕ್ಕೆ ಕೈ ಕೊಡುವ ರೀತಿ ಇವೆಲ್ಲ ಹೊಸದಾಗಿ ಕಾಣುತ್ತಿದ್ದವು. ಹೊಟ್ಟೆಕಿಚ್ಚಿನ ಜೊತೆಯಲ್ಲೇ ಆಸೆಯೂ ಎದ್ದು ಕೂತಿತ್ತು. ಅವಳನ್ನು ಇನ್ನೊಬ್ಬ ನೋಡುತ್ತಿರಬಹುದು ಎಂದು ಅನ್ನಿಸಿದ ಮೇಲೇ ತನಗೆ ಅವಳು ಕಂಡಳಲ್ಲ ಎಂದು ನಾಚಿಕೆಯಾಯಿತು. ಆಸೆ ಮಾತ್ರ ನಾಚಿಕೆಗೆ ಜಗ್ಗಲಿಲ್ಲ.

ಬಸ್ಸು ಯಾವುದೋ ಗೇಟಿನಲ್ಲಿ ನಿಂತಿತು, ಅಂಗಿ ತೊಟ್ಟ ಹೆಂಗಸು ಇಳಿದಳು. ಮೂರು ವರ್ಷದ ಹಿಂದೆ ಇದೇ ದಾರಿಯಲ್ಲಿ ಬಾಡಿಗೆ ಕಾರಿನಲ್ಲಿ ರಾಧಾಮಣಿಯನ್ನು ಆಸ್ಪತ್ರೆಯಿಂದ ಕರೆತಂದಿದ್ದ. ಗರ್ಭಕೋಶ ತೆಗೆದಿದ್ದರು. ರಸ್ತೆಯ ಪ್ರತಿ ಉಬ್ಬಿಗೂ ಅವಳು ಕಣ್ಣು ಮುಚ್ಚಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು, ಅವನು ಡ್ರೈವರಿಗೆ ಮೆಲ್ಲಗೆ ಮೆಲ್ಲಗೆ ಎನ್ನುತ್ತಿದ್ದ. ಭಾರ ಎತ್ತಿಸಬೇಡಿ, ಕೆಲವು ವಾರ ದೂರ ಇರಿ ಅಂತ ಡಾಕ್ಟರಮ್ಮ ಗೋಡೆ ನೋಡುತ್ತ ಹೇಳಿದ್ದಳು. ಅವನೂ ಗೋಡೆ ನೋಡುತ್ತಲೇ ಕೇಳಿಸಿಕೊಂಡಿದ್ದ. ನಿದ್ದೆಯಲ್ಲಿ ಕೈಯೋ ಕಾಲೋ ತಾಗಿ ಹೊಲಿಗೆಗೆ ಪೆಟ್ಟಾದೀತು ಎಂದು ನಡುಮನೆಯ ಮಂಚಕ್ಕೆ ಬಂದು ಮಲಗಿದ. ವಾರಗಳು ಕಳೆದವು. ಹೊಲಿಗೆ ಮಾಗಿತು, ಅವಳು ಬಿಂದಿಗೆ ಎತ್ತುವಂತಾದಳು, ರಾಗಿ ಬೀಸಿಸಿಕೊಂಡು ಬರುವಂತಾದಳು. ಅವನು ಮಾತ್ರ ಒಳಗೆ ಹೋಗಲಿಲ್ಲ. ಮೊದಮೊದಲು ನೋವಾದೀತು ಎಂಬ ಹೆದರಿಕೆ. ಆಮೇಲೆ, ಅವಳಿಗೆ ಇನ್ನು ಅದೆಲ್ಲ ಬೇಡವೇನೋ ಎಂಬ ಗುಮಾನಿ. ಕೊನೆಗೆ ಯಾವ ನೆಪ ಹೇಳಿ ಹೋಗುವುದು ಎಂಬ ಸಂಕೋಚ. ಒಂದು ದಿನ ಅವಳು ಕೋಣೆಯ ಬಾಗಿಲಲ್ಲಿ ನಿಂತು "ಒಳಗೆ ತಣ್ಣಗೈತೆ ಕಣ್ರಿ" ಅಂದಿದ್ದಳು. "ಇಲ್ಲೇ ಗಾಳಿ ಚೆನ್ನಾಗಿ ಬರುತ್ತೆ" ಅಂದಿದ್ದ. ಹವೆಯ ಮಾತಿಗೆ ಹವೆಯ ಉತ್ತರ. ಸಣ್ಣೀರಮ್ಮ ನೆರಿಗೆ ಎತ್ತಿದ್ದಕ್ಕೆ ಎರಡು ಪುಟ ಅರ್ಥ ಬರೆಸುವವನಿಗೆ ಆ ಒಂದು ಮಾತಿನ ಅರ್ಥ ತಟ್ಟಿದ್ದು ಈಗ, ಈ ಬಸ್ಸಿನಲ್ಲಿ. ತಾನೇ ಬಾಗಿಲು ಹಾಕಿದವನು, ಅವಳು ಬೇರೆ ಬಾಗಿಲು ತೆಗೆದುಕೊಂಡಿದ್ದರೆ ಯಾವ ಬಾಯಲ್ಲಿ ಕೇಳುವುದು?

ಇಷ್ಟಕ್ಕೂ ಇವತ್ತು ಬೆಳಿಗ್ಗೆ ಆ ಹುಡುಗಿ ಅತಿಯಾ ಸುಮ್ಮನಿದ್ದಿದ್ದರೆ ಅವನು ಇನ್ನೂ ಕೆಲವು ದಿನ ಪೇಪರಿನ ಮರೆಯಲ್ಲೇ ಇರುತ್ತಿದ್ದನೋ ಏನೋ. ಸ್ಟಾಫ್ ರೂಮಿನಲ್ಲಿ ಇತಿಹಾಸದ ರಂಗೇಶ್, "ಏನ್ ಸಾರ್, ಸೀರೆ ಮೂಲೆ ನೋಡಿ ಸಂಸಾರ ಹೇಳ್ತೀರಂತೆ? ನಮ್ಮನೇರದ್ದೂ ಒಂದಪ ನೋಡ್ಬುಡಿ" ಅಂತ ಕಿಚಾಯಿಸಿ ಎಲ್ಲರನ್ನೂ ನಗಿಸುತ್ತಿದ್ದ. ಅದೇ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತು ಕರೆದಳು.

"ಸರ್, ನಾವು ತಪ್ಪು ತಿಳ್ಕೊಂಡ್ವೇನೋ. ಹತ್ತನೇ ಅಧ್ಯಾಯದಲ್ಲಿ ಅವಳು ತನ್ನ ಪಾಲಿನ ಮರಿ ಮಾರ್ತಾಳೆ. ಸೀರೆ ಅವಳೇ ಕೊಂಡಿರಬೌದಲ್ವಾ?"

"ಅವಳೇ ಕೊಂಡಿದ್ದರೆ ಅರಿಶಿನ ಯಾಕೆ ಹಚ್ಚಲಿಲ್ಲ?"

"ಹಚ್ಚೋದು ಅಂದ್ರೆ ಮನೇಲಿ ಎಲ್ರಿಗೂ ತೋರಿಸ್ದಂಗೆ ಅಲ್ವಾ ಸರ್? ನಾನು ಹೊಸ ಡ್ರೆಸ್ ತಗೊಂಡ್ರೆ ಮೊದ್ಲು ಅಮ್ಮಿಗೆ ತೋರಿಸ್ತೀನಿ. ಒಂದೇ ಒಂದು ದುಪಟ್ಟಾ ಮಾತ್ರ ಇನ್ನೂ ಯಾರಿಗೂ ತೋರಿಸಿಲ್ಲ." ಹೇಳಿಬಿಟ್ಟು ಅವಳೇ ನಾಲಗೆ ಕಚ್ಚಿಕೊಂಡು, ನಗುತ್ತ ಓಡಿಹೋದಳು.

ಯಾರಿಗೂ ತೋರಿಸಿಲ್ಲ ಅಂದರೆ, ಯಾರಿಗೋ ತೋರಿಸಬೇಕೆಂದು ಇಟ್ಟುಕೊಂಡದ್ದು. ಕೊಟ್ಟವನು ಯಾರು ಎಂಬ ಪ್ರಶ್ನೆಗಿಂತ ಇದು ಕೆಟ್ಟದ್ದಾಗಿತ್ತು. ಕೊಟ್ಟದ್ದನ್ನು ಒಲ್ಲೆ ಎನ್ನಲಾರದೆ ಇಸಿದುಕೊಂಡಿರಬಹುದು. ತಾನೇ ಬಸ್ಸು ಹತ್ತಿ, ಆರಿಸಿ, ಕೊಂಡು, ದೇವರಿಗೂ ತೋರಿಸದೆ ಉಟ್ಟಳೆಂದರೆ ಯಾರಿಗಾಗಿ? ಈ ಪ್ರಶ್ನೆಯನ್ನು ಹೊತ್ತುಕೊಂಡೇ ಅವನು ಕೊಡಿಗೇನಹಳ್ಳಿಯಲ್ಲಿ ಇಳಿದ. ಬಿಸಿಲು ನೆತ್ತಿಗೆ ಬಂದಿತ್ತು. ಬೀದಿಯ ಬಾಗಿಲುಗಳೆಲ್ಲ ಎಂದಿನಂತೆ ತೆರೆದಿದ್ದವು; ಆ ಬೀದಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿದರೆ ಸಾವೋ ಜಗಳವೋ ಎಂದು ಅಕ್ಕಪಕ್ಕದವರು ಬಂದು ವಿಚಾರಿಸುತ್ತಾರೆ. ತನ್ನ ಮನೆಯ ಬಾಗಿಲೂ ತೆರೆದೇ ಇದ್ದದ್ದು ನೋಡಿ ಅವನಿಗೆ ಒಂದು ಕ್ಷಣ ಎದೆಯ ಭಾರ ಇಳಿಯಿತು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ರಾಧಾಮಣಿ ನಡುಮನೆಯ ಕನ್ನಡಿಯ ಮುಂದೆ ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ತಂದುಕೊಂಡು ಏನೋ ಒದ್ದಾಡುತ್ತಿದ್ದಳು. ಬದನೆಕಾಯಿ ಬಣ್ಣದ ಸೀರೆಯನ್ನೇ ಉಟ್ಟಿದ್ದಳು.

"ಎಲ್ಲಿಗೆ ಹೊರಟೆ?" ಎಂದ. ದನಿ ತನಗೇ ಒರಟಾಗಿ ಕೇಳಿಸಿತು.

"ಎಲ್ಲಿಗೂ ಇಲ್ಲ. ಬೇಗ ಬಂದ್ಬುಟ್ರಲ್ಲ?"

"ಎಲ್ಲಿಗೂ ಇಲ್ಲ ಅಂದ ಮೇಲೆ ಈ ಸೀರೆ?"

"ಮನೇಲಿ ಉಟ್ಕಬಾರ್ದಾ?"

"ಯಾರು ಕೊಟ್ಟದ್ದು?"

ಬಾಯಿಂದ ಬಿದ್ದೇ ಹೋಯಿತು. ರಾಧಾಮಣಿ ಕೈ ಇಳಿಸಿ ತಿರುಗಿದಳು. ಅವಳು ಕೂಗಾಡುತ್ತಾಳೆ, ಇಲ್ಲವೆ ಅಳುತ್ತಾಳೆ ಎಂದುಕೊಂಡಿದ್ದ. ಅವಳು ಎರಡೂ ಮಾಡಲಿಲ್ಲ. ಇವನ ತಲೆಯೊಳಗೆ ಏನಿರಬಹುದು ಎಂದು ಕುತೂಹಲದಿಂದ, ಬಾಗಿಲ ತೂತಿನಿಂದ ಒಳಗೆ ನೋಡುವವಳ ಹಾಗೆ, ಕಣ್ಣು ಸಣ್ಣಗೆ ಮಾಡಿ ನೋಡಿದಳು.

"ಯಾರ್ ಕೊಟ್ಟಿರ್ಬೌದು ಅಂತೀರಾ?"

"ಮೂಲೆಗೆ ಅರಿಶಿನ ಇಲ್ಲ," ಎಂದ ಹನುಮಂತರಾಜು. ತರಗತಿಯಲ್ಲಿ ಮೇಜು ಕುಟ್ಟಿ ಹೇಳಿದ್ದ ಮಾತು ಇಲ್ಲಿ ಎಷ್ಟು ಬಡಕಲಾಗಿ ಬಂತೆಂದರೆ ಅವನಿಗೇ ಪಿಚ್ಚೆನ್ನಿಸಿತು.

ಅವಳು ಸೆರಗಿನ ಮೂಲೆ ಎಳೆದು ನೋಡಿಕೊಂಡಳು. ನಗು ಉಕ್ಕಿ ಬಂತು, ಅರ್ಧಕ್ಕೇ ನಿಂತಿತು. "ಓಹೋ. ಅದ್ಕೇನಾ ಪೇಪರ್ ಸಂದಿಲಿ ನೋಡೀ ನೋಡೀ ಇಟ್ಟಿದ್ದು? ಅತ್ತೆ ಇದ್ದಿದ್ರೆ ಹಚ್ಚಿರೋರು. ನಾನೇ ಹಚ್ನಿಲ್ಲ. ಅರಿಶಿನ ಹಚ್ಚಿ ದೇವ್ರ ಮುಂದೆ ಇಟ್ಟು ಕೈ ಮುಗುದ್ರೆ ಅದು ಹಬ್ಬದ್ ಸೀರೆ ಆಯ್ತದೆ. ಇದು ಹಬ್ಬುಕ್ಕೆ ತಂದಿದ್ದಲ್ಲ. ಹಿಂದೂಪುರದ್ ಅಂಗ್ಡಿಯೋನು 'ಮೀಕು ಬಾಗುಂಟುಂದಮ್ಮಾ' ಅಂದ, ನಿಮ್ಗೆ ಚೆನ್ನಾಗ್ ಕಾಣ್ತದೆ ಅಂತ. ನಮ್ಮನೇರ್ಗೂ ಅಂಗೇ ಕಾಣ್ಲಿ ಅನ್ಕಂಡು ತಂದೆ."

ಅವನು ಮಂಚದ ಅಂಚಿಗೆ ಕುಳಿತ.

"ನನಗಾ?"

"ಇನ್ಯಾರ್ಗೆ? ನಿಮ್ ಮುಂದೆ ಎಷ್ಟ್ ಸಲ ಉಟ್ಕಂಡ್ ಓಡಾಡ್ದೆ, ಗೊತ್ತಾ? ಮೂಲೆ ನೋಡಿದ್ರಲ್ಲ, ಇದ್ನ ನೋಡುದ್ರಾ?" ಎಂದು ಅವಳು ಬೆನ್ನು ತಿರುಗಿಸಿದಳು. ರವಿಕೆಯ ಹಿಂಭಾಗ ಅಗಲಕ್ಕೆ ತೆರೆದಿತ್ತು, ಅದರ ಎರಡು ದಾರಗಳು ಕಟ್ಟದೆ ಇಳಿಬಿದ್ದಿದ್ದವು. "ಹೊಲ್ಯೋ ಹುಡ್ಗಿ ನಕ್ಲು, ಆಂಟೀ ಈ ವಯಸ್ಸಲ್ಲಿ ದಾರದ್ ಬ್ಲೌಸಾ ಅಂತ. ನಗ್ಲಿ ಅನ್ಕಂಡೆ. ಇದು ನಾವ್ ನಾವೇ ಕಟ್ಕಳಕ್ಕೆ ಬರಲ್ಲ ಕಣ್ರಿ, ಇನ್ನೊಬ್ರು ಕಟ್ಬೇಕು. ಅದ್ಕೇ ಹೊಲಿಸಿದ್ದು. ಮೊದ್ಲನೇ ಸಲ ಉಟ್ಟಾಗ ನಿಮ್ತಾವ ಬಂದು, ಒಸಿ ಕಟ್ತೀರಾ ಅಂತ ಬೆನ್ನು ಕೊಟ್ಕಂಡ್ ನಿಂತೆ. ಪೇಪರ್ ತಿದ್ದುತಿದ್ರಿ. ತಲೆ ಎತ್ನಿಲ್ಲ. 'ಮಹಾಲಕ್ಷ್ಮಮ್ಮ ಇಲ್ವಾ' ಅಂದ್ರಿ."

ಅವನು ನೆನಪು ಮಾಡಿಕೊಳ್ಳಲು ನೋಡಿದ. ಉತ್ತರಪತ್ರಿಕೆಗಳ ಕಟ್ಟು ನೆನಪಿತ್ತು. ಕೆಂಪು ಪೆನ್ನು ಖಾಲಿಯಾಗಿ ಸಿಡಿಮಿಡಿಗೊಂಡದ್ದು ನೆನಪಿತ್ತು. ಆ ಮಧ್ಯದಲ್ಲೆಲ್ಲೋ ಒಂದು ಬೆನ್ನು ಬಂದು ನಿಂತದ್ದು, ತಾನು ಹಾಗೆ ಅಂದದ್ದು, ಏನೇನೂ ನೆನಪಿರಲಿಲ್ಲ. ನೆನಪಿಲ್ಲದ್ದೇ ಅವನಿಗೆ ಹೆಚ್ಚು ನೋವಾಯಿತು.

"ಹೋದೆ ಆವಮ್ಮನ್ ತಾವ," ಎಂದಳು ರಾಧಾಮಣಿ, ಇನ್ನೂ ಗೋಡೆಯ ಕಡೆಗೇ ಮುಖ ಮಾಡಿಕೊಂಡು. "ಕಟ್ಟಿಸ್ಕಂಡ್ ಬಂದೆ. ಅವತ್ ನನಗಾದ್ ನಾಚ್ಕೆ ಯಾರ್ಗೂ ಬ್ಯಾಡ. ಆಸ್ಪತ್ರೇಲಿ ಗರ್ಭಕೋಶ ತಗುದ್ರು ಅಷ್ಟೆಯಾ. ನನ್ನೇನು ತಗುದಾಕ್ನಿಲ್ಲ. ಇಷ್ಟ್ ವರ್ಷ ಆಯ್ತು, ಚೆನ್ನಾಗಿದ್ದೀಯಾ ಅಂತ ಕೇಳಿದ್ದೀರಿ, ಮಾತ್ರೆ ತಗಂಡ್ಯಾ ಅಂತ ಕೇಳಿದ್ದೀರಿ. ಬೇಕಾ ಅಂತ ಒಂದಪನಾದ್ರೂ ಕೇಳುದ್ರಾ?"

ಪಾಠದಲ್ಲಿ ಸರಾಗವಾಗಿ ಹರಿಯುತ್ತಿದ್ದ ಮಾತುಗಳಲ್ಲಿ ಒಂದೂ ಅವನ ನೆರವಿಗೆ ಬರಲಿಲ್ಲ. "ನಿನಗೆ ನೋವಾಗುತ್ತೇನೋ ಅಂತ," ಎಂದು ಶುರು ಮಾಡಿದ. "ಮೊದಲು ಹೆದರಿಕೆ. ಆಮೇಲೆ, ನಿನಗೆ ಬೇಡ ಅಂತ ನಾನೇ ಅಂದ್ಕೊಂಡೆ. ಆಮೇಲೆ ಹೆಂಗೆ ಕೇಳೋದು ಗೊತ್ತಾಗಲಿಲ್ಲ ರಾಧಾ. ನಿಜವಾಗಲೂ ಗೊತ್ತಾಗಲಿಲ್ಲ."

"ಈಗ ಗೊತ್ತಾಯ್ತಾ?"

ಅವನು ಎದ್ದ. ದಾರಗಳನ್ನು ಕೈಗೆತ್ತಿಕೊಂಡ. ಅವಳ ಬೆನ್ನಿನ ಬಿಸಿ ಬೆರಳಿಗೆ ತಾಕಿತು. ಗಂಟು ಹಾಕುವುದೋ ಬಿಡುವುದೋ ಅವನಿಗೆ ತಿಳಿಯಲಿಲ್ಲ, ಅವಳು ಹೇಳಲೂ ಇಲ್ಲ. ಉಸಿರು ಅವಳ ಹೆಗಲ ಮೇಲೆ ಹಾಯುವಷ್ಟು ಹತ್ತಿರ ನಿಂತು, "ಬೇಕಾ?" ಎಂದು ಕೇಳಿದ. ಕೇಳುವಾಗ ಕೆಮ್ಮು ಬಂತು. ಅವಳು ಹೂಂ ಅನ್ನುವ ಮೊದಲೇ ಹೊರಗೆ ಚಪ್ಪಲಿ ಸದ್ದಾಗಿ, "ರಾಧಾಮಣೀ, ಒಸಿ ಹೆಪ್ಪು ಇದ್ರೆ ಕೊಡವ್ವ" ಎನ್ನುತ್ತ ಮಹಾಲಕ್ಷ್ಮಮ್ಮ ಲೋಟ ಹಿಡಿದು ಜಗುಲಿ ಹತ್ತುತ್ತಿದ್ದಳು. ಎದುರು ಮನೆಯ ಕಟ್ಟೆಯ ಮೇಲೂ ಇಬ್ಬರು ಕೂತಿದ್ದರು. ರಾಧಾಮಣಿ ಸೆರಗು ಎಳೆದುಕೊಂಡು ತಿರುಗಿ ನೋಡಿದಳು, ಬಾಗಿಲನ್ನಲ್ಲ, ಗಂಡನನ್ನು. ಇವನು ಏನು ಮಾಡುತ್ತಾನೆ ಎಂದು ನೋಡುತ್ತಿದ್ದಳು.

ಹನುಮಂತರಾಜು ದಾರ ಬಿಟ್ಟು ಹೊಸ್ತಿಲಿಗೆ ಬಂದ.

"ಈಗಾಗಲ್ಲ ಮಹಾಲಕ್ಷ್ಮಮ್ಮ. ಸಾಯಂಕಾಲ ಬನ್ನಿ," ಎಂದು, ಅವಳ ಮುಖ ನೋಡುತ್ತಲೇ ಎರಡೂ ಕದ ಎಳೆದು ಅಗುಳಿ ಹಾಕಿದ.

ಹೊರಗಿನಿಂದ ಕದ ಬಡಿಯುವ ಸದ್ದಾಯಿತು. "ಯಾಕೆ ಮೇಷ್ಟ್ರೇ, ಈ ಹೊತ್ನಲ್ಲಿ ಬಾಗ್ಲಾಕ್ಕಂಡ್ರಿ? ಯಾರ್ಗೂ ಏನೂ ಆಗಿಲ್ಲ ತಾನೆ? ರಾಧಾಮಣಿ ಹುಷಾರಾಗವ್ಳಾ?"

ಅವನು ಬಾಯಿ ತೆರೆಯುವ ಮೊದಲೇ ಬೆನ್ನ ಹಿಂದಿನಿಂದ ರಾಧಾಮಣಿಯೇ, ಎದುರು ಕಟ್ಟೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಕೂಗಿ ಹೇಳಿದಳು.

"ಹುಷಾರಾಗಿದ್ದೀನಿ ಕಣಮ್ಮ! ಹುಷಾರಾಗಿ ಬೋ ದಿನ ಆಯ್ತು!"